ಆರು ದಿನದ ವಿವರಣೆ

ಹಿಂದೆ ಎಲ್ಲಾದರೂ ವೀಸಾ ಅವಧಿ ಮೀರಿ ಉಳಿದಿದ್ದಿರಾ ಎಂಬ ಪ್ರಶ್ನೆಗೆ ನಾನು ‘ಇಲ್ಲ’ ಎಂದು ಟಿಕ್ ಹಾಕಿದ್ದೆ. ಅರ್ಜಿ ನೋಡುತ್ತಿದ್ದ ಮುನೇಶ್ ನನ್ನ ಪಾಸ್‌ಪೋರ್ಟ್ ತಿರುವಿದ. ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಯಲಹಂಕ ನ್ಯೂ ಟೌನಿನ ಆ ವೀಸಾ ಕನ್ಸಲ್ಟೆನ್ಸಿಯಲ್ಲಿ ಫ್ಯಾನ್ ತಿರುಗುತ್ತಿದ್ದರೂ ನಾನು ಬೆವತೆ.

“ಎರಡು ವರ್ಷದ ಹಿಂದೆ ಇಂಗ್ಲೆಂಡಲ್ಲಿ ಆರು ದಿನ ಜಾಸ್ತಿ ಇದ್ರಲ್ಲ ಶಶಿರೇಖಾ, ಯಾಕೆ?”

“ಜ್ವರ ಬಂದಿತ್ತು.”

“ಡಾಕ್ಟರ್ ಚೀಟಿ?”

ಚೀಟಿ ಎಲ್ಲಿಂದ ತರಲಿ? ನಿಜ ಹೇಳಿದೆ. ರಾಣಿ ಅಕ್ಕನ ಬಾಣಂತನಕ್ಕೆ ಹೋಗಿದ್ದೆ. ವೀಸಾದ ಕೊನೆಯ ದಿನವೇ ವಿಮಾನ, ಅದು ಮಂಗಳವಾರ. ಮಂಗಳವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವುದುಂಟೇ ಎಂದು ಅಕ್ಕ ಸೂಟ್‌ಕೇಸನ್ನೇ ಬಚ್ಚಿಟ್ಟಳು. ಆಮೇಲೆ ಎರಡು ದಿನ ಸೀಟಿಲ್ಲ. ಶುಕ್ರವಾರ ಮತ್ತೆ ಅದೇ ರಗಳೆ. ಕೊನೆಗೆ ಸೋಮವಾರ ಹೊರಟೆ.

ಅವನು ತುಟಿ ಕಚ್ಚಿಕೊಂಡ.

“ನಗ್ಬೇಡಿ!”

“ನಗ್ತಿಲ್ಲ ಕಣ್ರೀ. ನಮ್ಮಮ್ಮ ನಮ್ಮಕ್ಕನ್ನ ಇಲ್ಲೇ ಹತ್ತಿರದ ಅಮೃತಹಳ್ಳಿಗೂ ಶುಕ್ರವಾರ ಕಳಿಸಲ್ಲ. ಇದನ್ನೇ ಬರೀರಿ.”

“ರಿಜೆಕ್ಟ್ ಆದ್ರೆ?”

“ಆಗ್ಬಹುದು. ಆದ್ರೆ ಸುಳ್ಳು ಸಿಕ್ಕಾಕ್ಕೊಂಡ್ರೆ ಹತ್ತು ವರ್ಷ ಆ ಕಡೆ ತಲೆ ಹಾಕೋ ಹಾಗಿಲ್ಲ.”

ನಾಲ್ಕು ವರ್ಷ ಲ್ಯಾಬಿನಲ್ಲಿ ದುಡಿದು, ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿ ಸಂಪಾದಿಸಿದ ಇಂಗ್ಲೆಂಡಿನ ಎಂ.ಎಸ್ಸಿ. ಸೀಟು. ಒಂದು ಮಂಗಳವಾರಕ್ಕೆ ಅದು ಕೈತಪ್ಪಿ ಹೋಗುತ್ತದೇನೋ. ಆದರೂ ಟಿಕ್ಕನ್ನು ‘ಹೌದು’ಗೆ ಬದಲಾಯಿಸಿದೆ.

ವಿವರಣೆಯ ಪತ್ರಕ್ಕೆ ನಾಲ್ಕು ಸಂಜೆ ಹಿಡಿಯಿತು. ಎರಡೇ ಸಾಕಿತ್ತು. ಅವನು ತಿದ್ದಲಿ ಎಂದು ನಾನೇ ಬೇಕಂತ ತಪ್ಪು ಮಾಡುತ್ತಿದ್ದೆ. ಅವನು ಪೆನ್ಸಿಲ್ಲಿನಿಂದ ಗೆರೆ ಎಳೆದು, ತಲೆ ಎತ್ತದೆ ಕಣ್ಣು ಮಾತ್ರ ಎತ್ತಿ, “ಇದು ನಿನ್ನೆ ಸರಿ ಇತ್ತಲ್ರೀ?” ಎನ್ನುತ್ತಿದ್ದ. ನಾನು ಟೀ ಲೋಟದೊಳಗೆ ನೋಡುತ್ತಿದ್ದೆ. ಲೋಟ ಖಾಲಿಯಾಗಿ ಆಗಲೇ ಬಹಳ ಹೊತ್ತಾಗಿರುತ್ತಿತ್ತು.

ಐದನೆಯ ದಿನ ಅವನು ಫೈಲನ್ನು ನನ್ನ ಕಡೆ ತಳ್ಳಿದ.

“ಇದನ್ನ ಇನ್ಮೇಲೆ ಪಕ್ಕದ ಟೇಬಲ್ ರೆಹಾನಾ ಮೇಡಂ ನೋಡ್ತಾರೆ. ನಾನಿನ್ನು ಮುಟ್ಟಲ್ಲ.”

“ಯಾಕೆ? ನಾನೇನ್ ಮಾಡ್ದೆ?”

“ನೀವೇನೂ ಮಾಡಿಲ್ಲ.” ಪೆನ್ಸಿಲ್ ಕೆಳಗಿಟ್ಟ. “ನಿನ್ನೆ ಬಸ್ಸಲ್ಲಿ ಹೋಗ್ತಾ, ಇದು ರಿಜೆಕ್ಟ್ ಆಗ್ಲಿ ಅಂತ ಅನ್ನಿಸ್ಬಿಡ್ತು. ನೀವು ಹೋಗ್ಬಾರ್ದು ಅಂತ. ಇಂಥೋನ ಕೈಲಿ ನಿಮ್ ಫೈಲ್ ಇರ್ಬಾರ್ದು.”

ನನಗೆ ಕೋಪ ಬರಬೇಕಿತ್ತು. ಬಂದದ್ದು ಅಳು. ಇಷ್ಟು ಪ್ರಾಮಾಣಿಕವಾಗಿ ಯಾರೂ ನನ್ನನ್ನು ಬೇಕೆಂದಿರಲಿಲ್ಲ.

“ನೀವೇ ಕಳಿಸಿ,” ಎಂದೆ. “ನಾನಂತೂ ಹೋಗೋಳೇ. ಆದ್ರೆ ನನ್ ವಿಷಯದಲ್ಲಿ ನಿಮ್ಮನ್ ಬಿಟ್ಟು ಇನ್ಯಾರನ್ನೂ ನಂಬಲ್ಲ.”

ಅವನು ಪೆನ್ಸಿಲ್ ಎತ್ತಿಕೊಂಡ. ಆಮೇಲೆ ಫೈಲನ್ನು ಮತ್ತೆ ತನ್ನ ಕಡೆ ಎಳೆದುಕೊಂಡ.

ಮೂರು ವಾರಕ್ಕೆ ವೀಸಾ ಬಂತು. ಕವರ್ ಕೈಗಿಡುವಾಗ ಅವನು ನಕ್ಕ, ಕಣ್ಣು ಕೆಂಪಾಗಿತ್ತು.

“ನಿಮ್ಮಪ್ಪನ ಹತ್ರ ನೀವು ವಾಪಸ್ ಬಂದ್ಮೇಲೆ ಮಾತಾಡ್ಲಾ?”

“ಅವ್ರೇನಂತಾರೋ ಅಂತ ವರ್ಷ ಪೂರ್ತಿ ಅಲ್ಲಿ ಕೂತು ಒದ್ದಾಡ್ಲಾ? ನಾನು ಓದೋದು ಬೇಡ್ವಾ? ನಾಳೇನೇ ಬನ್ನಿ.”

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಟ್ಟೂರಿನ ನಮ್ಮ ಮನೆಯ ಗೇಟಿನೊಳಗೆ ಬಂದು ನಿಂತ. ಕನ್ಸಲ್ಟೆನ್ಸಿಯವನೆಂದು ಗುರುತು ಹಿಡಿದು ಅಪ್ಪ ಕೇಳಿದರು, “ವೀಸಾ ಬಂತಲ್ಲಪ್ಪ, ಇನ್ನೇನ್ ಬಾಕಿ?”

ಪಾಪ, ಅವನು ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. ನಾನು ಬರಿಗಾಲಲ್ಲೇ ಮೆಟ್ಟಿಲಿಳಿದು ಹೋಗಿ ಅವನ ಪಕ್ಕದಲ್ಲಿ ನಿಂತೆ.

“ಅದನ್ನ ನಾನ್ ಹೇಳ್ತೀನಿ, ಅಪ್ಪಾ.”