ಬಿಳಿ ಕೋಟು ತೊಟ್ಟ ಡ್ರೈವರ್

"ಡಾಕ್ಟ್ರೇ, ಇದನ್ನ ಇಟ್ಕೊಳ್ಳಿ... ಯಾರಾದ್ರೂ ನೋಡೋಕ್ ಮುಂಚೆ!"

ಊರಿಗೆ ಬಂದಿದ್ದ ಕ್ಯಾನ್ಸರ್ ತಪಾಸಣೆಯ ವ್ಯಾನಿನ ಪಕ್ಕ ನಿಂತಿದ್ದ ಬಿಳಿ ಕೋಟಿನವನ ಎದೆಗೆ ಒತಿಲಿಯಾ ಕೈಯಲ್ಲಿದ್ದ ಚೀಲವನ್ನು ಒತ್ತಿಯೇ ಬಿಟ್ಟಳು. ಒಳಗೆ ಒಂದು ಪೊಟ್ಟಣ ಕಾಫಿಪುಡಿ, ಬೆಳಿಗ್ಗೆಯಷ್ಟೇ ಬೇಯಿಸಿದ ಕೊಜೊನಾಕ್ ಎಂಬ ಅಕ್ರೋಟಿನ ಸಿಹಿ ಬ್ರೆಡ್ಡು. ಡಾಕ್ಟರ ಮುಂದೆ ಬರಿಗೈಯಲ್ಲಿ ನಿಲ್ಲುವುದೆಂದರೆ ಆ ಊರಿನವರಿಗೆ ಚಪ್ಪಲಿ ಹಾಕಿಕೊಂಡು ದೇವರ ಮುಂದೆ ನಿಂತಷ್ಟು ಸಂಕೋಚ.

"ಮೇಡಂ, ನಾನು..."

"ತಡೀರಿ, ಧೈರ್ಯ ಇರೋವಾಗ್ಲೇ ಹೇಳ್ಬಿಡ್ತೀನಿ. ಗಂಡ ಇಟಲಿಗೆ ಹೋದೋನು ಅಲ್ಲೇ ಇನ್ನೊಬ್ಬಳನ್ನ ಕಟ್ಕೊಂಡ. ಆಮೇಲೆ ನನ್ನ ಯಾರೂ ಮುಟ್ಟಿಲ್ಲ. ಪರೀಕ್ಷೆ ಮಾಡೋವಾಗ ಸ್ವಲ್ಪ ಮುಖ ಆ ಕಡೆ ತಿರುಗಿಸ್ಕೊಂಡು ಮಾಡಿ, ನಿಮಗೆ ಪುಣ್ಯ ಬರುತ್ತೆ!"

ಅವನ ಕಿವಿ ಕೆಂಪಾಯಿತು.

"ಮೇಡಂ... ನಾನು ಡ್ರೈವರು. ಜಾಕೆಟ್ ಮೇಲೆ ಡೀಸೆಲ್ ಚೆಲ್ತು. ಚಳಿ ಅಂತ ನರ್ಸ್ ಈ ಕೋಟು ಕೊಟ್ರು."

ಅಯ್ಯೋ! ಭೂಮಿ ಬಾಯಿ ಬಿಟ್ಟು ನುಂಗಬಾರದಾ ನನ್ನ!

ಹಿಂದೆ ಸಾಲಿನಲ್ಲಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪಕ್ಕದ ಮನೆಯ ಅಗ್ಲಾಯಾ ಅಂತೂ ಕಣ್ಣೀರೇ ಒರೆಸಿಕೊಂಡಳು. ಅವನೊಬ್ಬ ನಗಲಿಲ್ಲ. ವ್ಯಾನಿನ ಬಾಗಿಲು ತೆರೆದು ಮೆಲ್ಲಗೆ ಹೇಳಿದ. "ಒಳಗಿರೋ ಡಾಕ್ಟ್ರು ಹೆಂಗಸು. ಹೆದರ್ಬೇಡಿ."

ಒಳಗೆ ನರ್ಸ್ ದೊಮ್ನಿಕಾ ಪರದೆ ಎಳೆಯುತ್ತ ಬೈಯುತ್ತಿದ್ದಳು. "ಯೂರೋಪಿನಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಹೆಂಗಸರನ್ನ ಕಳ್ಕೊಳ್ಳೋದ್ರಲ್ಲಿ ನಮ್ಮ ರೊಮೇನಿಯಾನೇ ಮುಂದು ಕಣಮ್ಮ. ತಡೀಬಹುದಾದ ಕಾಯಿಲೆ ಇದು! ಮಕ್ಕಳಿಗೆ ಲಸಿಕೆ ಅಂದ್ರೆ ತಾಯಂದಿರು ಬೇಡ ಅಂತಾರೆ, ಪರೀಕ್ಷೆ ಅಂದ್ರೆ ನಾಚಿಕೆ. ಮಣ್ಣಿಗೆ ಹೋಗೋಕೆ ಮಾತ್ರ ಯಾರಿಗೂ ನಾಚಿಕೆ ಇಲ್ಲ!"

ಒತಿಲಿಯಾಗೆ ತನ್ನ ಚಿಕ್ಕಮ್ಮ ನೆನಪಾದಳು. ಅವಳು ಸತ್ತಾಗ ಮನೆಯವರು 'ಹೆಂಗಸರ ಕಾಯಿಲೆ' ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿದ್ದರು. ಆ ಊರಿನ ಎಷ್ಟು ಮನೆಗಳಲ್ಲಿ ಇದೇ ಮಾತು ಹೇಳಿದ್ದರೋ!

ಮುಂದಿನ ಭಾನುವಾರ ಅವಳ ಬೇಕರಿ ಬಾಗಿಲಲ್ಲಿ ಆ ಡ್ರೈವರ್ ನಿಂತಿದ್ದ. ಹೆಸರು ಸೆವೆರ್. ಕೈಯಲ್ಲಿ ಮಡಿಸಿದ ಚೀಲ.

"ಚೀಲ ವಾಪಸ್ ಕೊಡೋಣ ಅಂತ ಬಂದೆ."

"ಕೊಜೊನಾಕ್?"

"ಅದು ಲಂಚ ಅಲ್ವಾ? ತಿಂದ ಲಂಚ ಯಾರಾದ್ರೂ ವಾಪಸ್ ಕೊಡ್ತಾರಾ?"

ಎಷ್ಟೋ ಕಾಲದ ಮೇಲೆ ಒತಿಲಿಯಾ ಬಾಯ್ತುಂಬ ನಕ್ಕಳು.

ಆಮೇಲೆ ಭಾನುವಾರಗಳಿಗೆ ಒಂದು ಅರ್ಥ ಬಂತು. ಅವನು ಒಲೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದ. ಅವಳು ಹಿಟ್ಟು ನಾದುತ್ತ ಮಾತಾಡುತ್ತಿದ್ದಳು. ಅವನು ದಕ್ಷಿಣದ ಡ್ಯಾನ್ಯೂಬ್ ದಂಡೆಯವನು. ಹೆಂಡತಿ ಮರಿನೆಲಾ ತೀರಿಕೊಂಡಿದ್ದಾಳೆ ಎಂದು ಒಮ್ಮೆ ಹೇಳಿದ್ದ. ಹೇಗೆ ಎಂದು ಕೇಳಿದರೆ ಕಿಟಕಿಯಾಚೆ ನೋಡುತ್ತ ಕುಳಿತುಬಿಡುತ್ತಿದ್ದ.

ಒಂದು ಸಂಜೆ ಹಿಮ ಬೀಳುತ್ತಿದ್ದಾಗ, ಹೊರಟು ನಿಂತವನ ಮಫ್ಲರ್ ಸರಿಪಡಿಸುತ್ತ ಅವಳು ಹತ್ತಿರ ಸರಿದಳು. ಅವನ ಉಸಿರು ಕೆನ್ನೆಗೆ ತಾಕಿತು...

ಅವನು ತಟ್ಟನೆ ಹಿಂದೆ ಸರಿದ.

"ಬೇಡ... ಒತಿಲಿಯಾ, ಬೇಡ."

ವ್ಯಾನ್ ಹೊರಟುಹೋಯಿತು. ಅವಳು ಮನೆಗೆ ಹೋಗಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಎಲ್ಲರೂ ಬಿಟ್ಟುಹೋಗಲೆಂದೇ ಹುಟ್ಟಿದವಳಾ ನಾನು?

ಫೆಬ್ರವರಿಯಲ್ಲಿ ದೊಮ್ನಿಕಾಳ ಫೋನ್ ಬಂತು.

"ಎಚ್‌ಪಿವಿ ಅನ್ನೋ ವೈರಸ್ ಇದೆ ಕಣಮ್ಮ. ಜೀವಕೋಶಗಳೂ ಸ್ವಲ್ಪ ಬದಲಾಗಿವೆ. ಯಾಶ್‌ನ ದೊಡ್ಡಾಸ್ಪತ್ರೆಗೆ ಬರ್ಬೇಕು."

"ಅದು... ಹೇಗೆ ಬರುತ್ತೆ?"

"ಗಂಡು ಹೆಣ್ಣು ಕೂಡೋದ್ರಿಂದ. ಹೆಚ್ಚುಕಮ್ಮಿ ಎಲ್ರಿಗೂ ಒಂದಲ್ಲ ಒಂದ್ಸಲ ಬಂದು ಹೋಗುತ್ತೆ. ಕೆಲವರಲ್ಲಿ ವರ್ಷಗಟ್ಟಲೆ ಕೂತಿರುತ್ತೆ..."

ಒತಿಲಿಯಾ ಮೊದಲ ಮಾತಿನ ಹೊರತು ಇನ್ನೇನನ್ನೂ ಕೇಳಿಸಿಕೊಳ್ಳಲಿಲ್ಲ. ಕೆಳಗಿನ ಬೀದಿಯ ಹೆಂಗಸೊಬ್ಬಳಿಗೆ ಇಂಥದೇ ಫೋನ್ ಬಂದಾಗ ಅಗ್ಲಾಯಾ ಬ್ರೆಡ್ಡು ಕೊಳ್ಳುತ್ತ ಹೇಳಿದ್ದಳು. "ನೆಟ್ಟಗಿರೋ ಹೆಂಗಸಿಗೆ ಇಂಥದ್ದೆಲ್ಲ ಬರಲ್ಲ ಕಣೇ."

ಸೆವೆರ್ ಹಿಂದೆ ಸರಿದಿದ್ದು ಇದಕ್ಕೇ! ದಿನಾ ಆ ವ್ಯಾನಿನಲ್ಲೇ ಇರುವವನು, ಅವನಿಗೆ ಮೊದಲೇ ಗೊತ್ತಾಗಿರಬೇಕು. ನನ್ನನ್ನು ಕಂಡು ಹೇಸಿಕೊಂಡ...

ಅವನ ಫೋನ್ ಬಂದರೆ ಎತ್ತುವುದನ್ನು ಬಿಟ್ಟಳು. ಭಾನುವಾರ ಬೇಕರಿಗೆ ಬೀಗ ಹಾಕಿ ಒಳಗೇ ಕೂರುತ್ತಿದ್ದಳು.

ಮಾರ್ಚ್ ಒಂದನೇ ತಾರೀಖು ಅವನು ಬಂದೇ ಬಿಟ್ಟ. ಅಂಗಡಿ ತುಂಬ ಜನ. ಎಲ್ಲರೆದುರು ಅಂಗೈ ಚಾಚಿದ. ಅದರಲ್ಲಿ ಮೆಚ್ಚಿದವರಿಗೆ ಅಂದು ಕೊಡುವ ವಸಂತದ ಕೆಂಪು ಬಿಳಿ ದಾರ, ಮರ್ತ್ಸಿಶೋರ್.

ಅಂಗಡಿ ಗೊಳ್ಳೆಂದು ನಕ್ಕಿತು.

"ಏನಪ್ಪಾ, ನೀನೇನು ಹುಡುಗೀನಾ?" ಎಂದಳು ಅಗ್ಲಾಯಾ. "ನಮ್ಮ ಮೊಲ್ಡಾವಿಯಾ ಸೀಮೇಲಿ ಇದನ್ನ ಹೆಂಗಸರು ಗಂಡಸರಿಗೆ ಕೊಡೋದು!"

"ನಮ್ಮ ಕಡೆ ಗಂಡಸರೇ ಕೊಡೋದು," ಎಂದ ಸೆವೆರ್. ಕಣ್ಣು ಒತಿಲಿಯಾಳ ಮೇಲೇ ಇತ್ತು. "ನನಗೆ ಗೊತ್ತಿರ್ಲಿಲ್ಲ."

ತಗೊಂಡರೆ? ತಗೊಂಡು ಎದೆಗೆ ಸಿಕ್ಕಿಸಿಕೊಂಡರೆ?... ಆಮೇಲೆ ಹೇಳಬೇಕಲ್ಲ! ಆಗ ಇವನ ಮುಖ ಹೇಗಾಗುತ್ತದೆ?

"ಗೊತ್ತಾಯ್ತಲ್ಲ ಈಗ," ಎಂದಳು. ಧ್ವನಿ ಕಲ್ಲಾಗಿತ್ತು. "ಇಲ್ಲಿ ಕೊಡೋದು ನಾವು. ನಾನು ನಿಮಗೆ ಕೊಟ್ಟಿಲ್ಲ."

ನಗು ನಿಂತುಹೋಯಿತು. ಸೆವೆರ್ ದಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. "ಸರಿ," ಎಂದಷ್ಟೇ ಹೇಳಿ ಹೋದ.

ಒತಿಲಿಯಾ ಅಂದು ಎಲ್ಲರಿಗೂ ಚಿಲ್ಲರೆ ತಪ್ಪಾಗಿ ಕೊಟ್ಟಳು.

ಯಾಶ್ ಆಸ್ಪತ್ರೆಗೆ ಅವಳು ಒಬ್ಬಳೇ ಹೋದಳು. ವರಾಂಡದಲ್ಲಿ ಒಬ್ಬೊಬ್ಬ ಹೆಂಗಸಿನ ಜೊತೆಗೂ ಒಬ್ಬರಿದ್ದರು. ಗಂಡ, ಅಕ್ಕ, ಅತ್ತೆ. ಥರ್ಮಾಸಿನ ಚಹಾ ಹಂಚಿಕೊಳ್ಳುತ್ತಿದ್ದರು, ಜಗಳವಾಡುತ್ತಿದ್ದರು. ಜಗಳವಾಡಲಿಕ್ಕಾದರೂ ಒಬ್ಬರಿರಬಾರದಿತ್ತೇ ಎಂದುಕೊಂಡಳು ಅವಳು.

"ನಿಮ್ಮ ಜೊತೆ ಯಾರಮ್ಮ ಬಂದಿರೋದು?" ನರ್ಸ್ ಕೇಳಿದಳು.

"ನಮ್ಮಣ್ಣ. ಕಾರು ನಿಲ್ಲಿಸೋಕೆ ಹೋಗಿದ್ದಾನೆ."

ಅವಳಿಗೆ ಅಣ್ಣನೇ ಇರಲಿಲ್ಲ.

ಕೆಟ್ಟ ಭಾಗವನ್ನು ತೆಗೆದರು. ಹೆಚ್ಚು ನೋಯಲಿಲ್ಲ. "ಕ್ಯಾನ್ಸರ್ ಆಗೋಕ್ ಮುಂಚೆನೇ ಬಂದಿದ್ದೀರ, ಅದೃಷ್ಟ," ಎಂದರು ಡಾಕ್ಟರು. ಸಂತೋಷದ ಸುದ್ದಿ! ಯಾರಿಗೆ ಹೇಳುವುದು? ಅಂಗಳದ ಬೆಂಚಿನ ಮೇಲೆ ಕುಳಿತಾಗ ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು.

"ಒತಿಲಿಯಾ?"

ಸೆವೆರ್! ಹಳ್ಳಿಗಳಲ್ಲಿ ತೆಗೆದ ಮಾದರಿಗಳ ಪೆಟ್ಟಿಗೆ ಲ್ಯಾಬಿಗೆ ಕೊಟ್ಟು ಬರುತ್ತಿದ್ದ.

 ಇನ್ನು ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ನನಗೆ ಆ ವೈರಸ್ ಇದೆ ಸೆವೆರ್. ಅದಕ್ಕೇ ನಿಮ್ಮನ್ನ ದೂರ ಮಾಡಿದ್ದು. ಈಗ ಹೇಸ್ಕೊಂಡು ಹೋಗೋದಾದ್ರೆ ಹೋಗಿ."

ಅವನು ಹೋಗಲಿಲ್ಲ. ಬೆಂಚಿನ ಆ ತುದಿಯಲ್ಲಿ ಕುಸಿದು ಕುಳಿತ.

"ಮರಿನೆಲಾ ಹೋಗಿದ್ದು ಇದರಿಂದಾನೇ," ಎಂದ. "ಗೊತ್ತಾಗೋ ಹೊತ್ತಿಗೆ ಹಬ್ಬಿಬಿಟ್ಟಿತ್ತು. ಅವಳಿಗೆ ಅದನ್ನ ತಂದ್ಕೊಟ್ಟಿದ್ದು ನಾನೇ ಇರ್ಬೇಕು. ಇನ್ನೊಬ್ಬಳಿಗೂ ಕೊಟ್ಬಿಟ್ರೆ ಅಂತ... ಆ ಸಂಜೆ ಹಿಂದೆ ಸರಿದೆ."

"ಡಾಕ್ಟ್ರು ನೀವೇ ಕೊಟ್ಟಿದ್ದು ಅಂದ್ರಾ?"

"ಯಾರಿಂದ ಬಂತು ಅಂತ ಹೇಳೋಕಾಗಲ್ಲ, ಯಾರ ತಪ್ಪೂ ಅಲ್ಲ ಅಂದ್ರು. ಸಾಲಲ್ಲಿ ನಿಂತು ಅಳೋರಿಗೆ ನಾನೇ ದಿನಾ ಈ ಮಾತು ಹೇಳ್ತೀನಿ. ನನಗೆ ನಾನೇ ಹೇಳ್ಕೊಳ್ಳೋಕೆ ಬಾಯಿ ಬರಲ್ಲ."

"ಮರಿನೆಲಾ ತಪ್ಪು ಅಂತ ಯಾವತ್ತಾದ್ರೂ ಅನ್ನಿಸಿತ್ತಾ?"

"ಛೆ! ಅವಳದೇನು ತಪ್ಪು? ಹಾಗಂದೋರ ನಾಲಿಗೆ ಕೀಳ್ತೀನಿ!"

ಒತಿಲಿಯಾ ಅವನನ್ನೇ ನೋಡಿದಳು. ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿಯುತ್ತಿತ್ತು. ಈ ಮನುಷ್ಯ ಸತ್ತ ಹೆಂಡತಿಯ ಪರವಾಗಿ ಇಷ್ಟು ಜೋರಾಗಿ ಹೇಳಿದ್ದನ್ನು, ಅವಳು ತನ್ನ ಪರವಾಗಿ ಒಮ್ಮೆಯೂ ಹೇಳಿಕೊಂಡಿರಲಿಲ್ಲ.

"ಅವಳದಲ್ಲ ಅಂದ್ರೆ ನನ್ನದೂ ಅಲ್ಲ," ಎಂದಳು. "ನನ್ನದಲ್ಲ ಅಂದ್ರೆ ನಿಮ್ಮದು ಹೇಗಾಗುತ್ತೆ?"

 ಗಂಡಸಾದ ಅವನು, ಹಾಡಹಗಲು, ಆಸ್ಪತ್ರೆಯ ಅಂಗಳದಲ್ಲಿ ಮಗುವಿನಂತೆ ಅತ್ತುಬಿಟ್ಟ. ಅವಳು ಬೆಂಚಿನ ಮೇಲೆ ಅವನ ಹತ್ತಿರಕ್ಕೆ ಸರಿದು ಕೈ ಹಿಡಿದುಕೊಂಡಳು.

"ಏನಮ್ಮಾ!" ಬಾಗಿಲಿಂದ ನರ್ಸ್ ಕೂಗಿದಳು. "ಒಬ್ರೇ ಹೋಗೋ ಹಾಗಿಲ್ಲ ಅಂತ ಹೇಳಿರ್ಲಿಲ್ವಾ? ಓ, ಇವರೇನಾ ನಿಮ್ಮಣ್ಣ?"

ಸೆವೆರ್ ಗಾಬರಿಯಿಂದ ಎದ್ದು ನಿಂತ. "ಅಯ್ಯೋ, ಅಣ್ಣ ಅಲ್ಲ ಸಿಸ್ಟರ್!"

"ಮತ್ತೆ ಯಾರು?"

"ಅದು... ಅವರೇ ಹೇಳ್ಬೇಕು."

ಒತಿಲಿಯಾ ಕಣ್ಣೊರೆಸಿಕೊಂಡಳು.

"ನನ್ನೋರು," ಎಂದಳು ನರ್ಸಿಗೆ. ಆಮೇಲೆ ಅವನತ್ತ ತಿರುಗಿ, ಮೊದಲ ಸಲ ಬಹುವಚನ ಬಿಟ್ಟು ಕೇಳಿದಳು.

"ಹೌದು ತಾನೇ ಸೆವೆರ್? ಸುಮ್ನೆ ನಿಂತಿದ್ದೀಯಲ್ಲ, ಏನಾದ್ರೂ ಹೇಳು."

"ಇನ್ನೊಂದ್ಸಲ ಹೇಳು," ಎಂದ ಅವನು. "ಸರಿಯಾಗಿ ಕೇಳಿಸ್ಕೋತೀನಿ."