ಮುರಿದ ಮುಳ್ಳುಗಳ ಪಂಚನಾಮೆ

ಶಂಖ ತೆಗೆಯಬಾರದ ಕಡಲಲ್ಲಿ ಗಸ್ತು ದೋಣಿ ಕಣ್ಣಿಗೆ ಬಿದ್ದ ಕೂಡಲೇ ಶಂಖದ ವ್ಯಾಪಾರಿ ಒಸ್ಮುಂಡೊ ಗಾಳಿಯ ಕೊಳವೆ ಕತ್ತರಿಸಿ ತನ್ನ ದೋಣಿ ಓಡಿಸಿದ. ಕೊಳವೆಯ ಇನ್ನೊಂದು ತುದಿ ಕಡಲಡಿಯಲ್ಲಿ ಶಂಖ ಆಯುತ್ತಿದ್ದ ಟೆರ್ಯೊನ ಬಾಯಲ್ಲಿತ್ತು. ಟಾಬುನಾನ್ ದ್ವೀಪದ ಠಾಣೆಯಲ್ಲಿ ‘ನೀರಿನಲ್ಲಿ ಮುಳುಗಿ ಸಾವು’ ಎಂದು ಬರೆದುಕೊಂಡರು. ಎಫ್‌ಐಆರ್ ಆಗಲಿಲ್ಲ.

ಮಾರ್ಚ್ 4ರ ಬೆಳಗ್ಗೆ 8.10ಕ್ಕೆ ಅದೇ ಒಸ್ಮುಂಡೊ ಠಾಣೆಗೆ ಬಂದು ದೂರು ಕೊಟ್ಟ. ಸೆಬು ಪೇಟೆಗೆ ಹೊರಡಬೇಕಿದ್ದ ಬಾಚಣಿಗೆ ಶಂಖಗಳ ಮುಳ್ಳುಗಳನ್ನೆಲ್ಲ ಯಾರೋ ಮುರಿದಿದ್ದರು. ಮುಳ್ಳಿಲ್ಲದ ಆ ಶಂಖವನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಈ ಸಲ ಅವನು ಕುರ್ಚಿಯಿಂದ ಏಳುವುದರೊಳಗೆ ಎಫ್‌ಐಆರ್ ಆಯಿತು.

ಇನ್ಸ್‌ಪೆಕ್ಟರ್ ಕಬಾಹುಗ್ ಅವನ ಶೆಡ್ಡಿನಲ್ಲಿ ಪಂಚನಾಮೆ ನಡೆಸಿದರು.

“ಕೈಗೆ ಗಾಯ ಆದೋರನ್ನ ಹಿಡಿದ್ರಾಯ್ತು ಸರ್,” ಎಂದ ಕಾನ್‌ಸ್ಟೆಬಲ್ ಟೆಪಾಸ್.

“ಶಂಖ ತೊಳೆಯೋ ಹೆಂಗಸರಲ್ಲಿ ಗಾಯ ಇಲ್ಲದ ಒಂದು ಕೈ ತೋರ್ಸು. ನಿಂಗೆ ಬಡ್ತಿ ಕೊಡಿಸ್ತೀನಿ.”

ನೆಲದ ಮೇಲೆ ಮುಳ್ಳಿನ ಒಂದು ಚೂರೂ ಇರಲಿಲ್ಲ. ಗುಡಿಸಿ ಡಬ್ಬಕ್ಕೆ ತುಂಬಿದ್ದರು. ಬೋಳು ಶಂಖಗಳನ್ನು ಬಾಯಿ ಕೆಳಗೆ ಮಾಡಿ ಮತ್ತೆ ಹತ್ತಿಯಲ್ಲಿ ಮಲಗಿಸಿದ್ದರು, ಮುಳ್ಳು ಉಳಿಸಬೇಕಾದಾಗ ಮಲಗಿಸುವಂತೆಯೇ. ಕೈಗೆ ಹತ್ತಿದ ರೂಢಿ. ಆ ಶೆಡ್ಡಿನಲ್ಲಿ ಹತ್ತಿ ಸುತ್ತುವವಳು ಒಬ್ಬಳೇ: ಟೆರ್ಯೊನ ಹೆಂಡತಿ ಬೆನಿಂಗ್.

11.30ಕ್ಕೆ ಅವಳ ಅಂಗಳಕ್ಕೆ ಹೋದರು. ಅವಳು ಮೀನು ಒಣಗಹಾಕುತ್ತಿದ್ದಳು.

“ಬೆನಿಂಗಕ್ಕ, ಮುರಿದಿದ್ದು ನೀವಾ?”

“ಹೂಂ.”

“ಗುಡಿಸಿದ್ದು ಯಾಕೆ?”

“ಬೆಳಗ್ಗೆ ಶಂಖ ತೊಳೆಯೋ ಪಿಲಾರ್ ಬರಿಗಾಲಲ್ಲಿ ಕೆಲಸಕ್ಕೆ ಬರ್ತಾಳೆ. ಅವಳೇನು ಮಾಡಿದಾಳೆ ನಂಗೆ?”

“ಮುರಿದಿದ್ದು ಯಾಕೆ?”

“ಈ ಶಂಖ ಕಪ್ಪೆಚಿಪ್ಪನ್ನ ಹಿಡ್ಕೊಂಡು ಕೂತ್ರೆ ಅದು ತೆರೆಯೋ ತನಕ ಬಿಡಲ್ಲ ಸರ್. ಆಮೇಲೆ ತಿನ್ನುತ್ತೆ. ನಾನೂ ಹಂಗೇ ಕೂತಿದ್ದೆ, ಮುಳ್ಳು ಮುರಿದು, ಸಾಹುಕಾರ್ರು ತಾವಾಗೇ ಠಾಣೆ ಮೆಟ್ಲು ಹತ್ಲಿ ಅಂತ. ಗಂಡ ಸತ್ತಾಗ ನಿಮ್ಮ ಹತ್ರ ಎಫ್‌ಐಆರ್ ಬರೆಯೋಕೆ ಕಾಗದ ಇರ್ಲಿಲ್ಲ. ಈಗ ಇದೆ. ಸಾಹುಕಾರ್ರು ನನ್ನ ಗಂಡನ ಕೊಳವೆ ಕತ್ತರಿಸಿದ್ರು, ಅದಕ್ಕೆ ಮುರಿದೆ ಅಂತ ಬರ್ಕೊಳ್ಳಿ.”

ಕಬಾಹುಗ್ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರು. 12.05ಕ್ಕೆ ಬಂಧನ.

ಆ ಹೇಳಿಕೆ ನ್ಯಾಯಾಲಯಕ್ಕೆ ಹೋಗುತ್ತದೆಂದು ತಿಳಿದ ಒಸ್ಮುಂಡೊ ಮಧ್ಯಾಹ್ನವೇ ಓಡಿಬಂದ.

“ಗಂಡ ಸತ್ತ ಹೆಂಗಸು, ಪಾಪ. ದೂರು ವಾಪಸ್ ತಗೋತೀನಿ.”

“ಬೆಳಗ್ಗೆ ಈ ಪಾಪ ಎಲ್ಲಿ ಹೋಗಿತ್ತು?” ಎಂದರು ಕಬಾಹುಗ್. ಅಷ್ಟರಲ್ಲಿ ಅವಳನ್ನು ಬಿಟ್ಟುಬಿಡಿ ಎಂದು ಮೇಲಧಿಕಾರಿಗಳ ಫೋನೂ ಬಂತು. ಕಬಾಹುಗ್ ಕೇಳಿಸಿಕೊಂಡು, ಟೆಪಾಸ್‌ಗೆ ಬೀಗದ ಕೈ ಕೊಟ್ಟರು.

ಟೆಪಾಸ್ ಲಾಕಪ್ಪಿನ ಬಾಗಿಲು ತೆರೆದ. “ಬನ್ನಿ ಅಕ್ಕ. ಕೇಸ್ ಮುಗೀತು. ಮನೆಗೆ ಹೋಗಿ.”

ಬೆನಿಂಗ್ ಗೋಡೆಗೆ ಒರಗಿ ಕಾಲು ಚಾಚಿದಳು.

“ಹೋಗಲ್ಲ. ಜಡ್ಜ್ ಕರೀಲಿ, ಅಲ್ಲಿಗೆ ಬರ್ತೀನಿ.”