ಮೀಟರ್ ಸುಳ್ಳು ಹೇಳಲಿಲ್ಲ

"ಇದನ್ನ ಹೀಗೆ ಸುಟ್ಟು ಹಾಕೋಕೆ ನಿಮಗೆ ಮನಸ್ಸಾದರೂ ಹೇಗೆ ಬಂತು?"

ಅವಳ ದನಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅದು ವಾದ್ಯಗಳ ರಿಪೇರಿ ಅಂಗಡಿ. ಅಪ್ಪ ಕೌಂಟರಿನಲ್ಲಿ, ಮಗಳು ಹಿಂದಿನ ಮೇಜಿನಲ್ಲಿ. ಬೆಸುಗೆ ಕೆಲಸದಲ್ಲಿ ನನ್ನ ಮಗಳನ್ನು ಮೀರಿಸುವವರಿಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ಅವಳೂ ಅದನ್ನು ನಂಬಿಬಿಟ್ಟಿದ್ದಳು, ಅದೇ ತೊಂದರೆ!

ಎದುರಿಗೆ ತಲೆ ತಗ್ಗಿಸಿ ನಿಂತಿದ್ದವನು ಗಿಟಾರ್ ನುಡಿಸುವ ಯುವಕ. ಕೌಂಟರಿನ ಮೇಲೆ ಅವನ ಎಫೆಕ್ಟ್ ಪೆಡಲ್ ಇತ್ತು. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿಯನ್ನೇ ಬದಲಿಸುವ ಪುಟ್ಟ ಲೋಹದ ಡಬ್ಬಿ ಅದು. ಹಿಂದಿನ ವಾರ ಅದರ ಸಡಿಲ ಸ್ವಿಚ್ಚನ್ನು ಅವಳೇ ಸರಿಮಾಡಿ ಕಳಿಸಿದ್ದಳು. ನಿನ್ನೆ ತುಂಬಿದ ಸಭಾಂಗಣದಲ್ಲಿ, ಹಾಡಿನ ನಡುವೆ, ಅದು ಸತ್ತುಹೋಗಿತ್ತು.

"ಇದಕ್ಕೆ ಒಂಬತ್ತು ವೋಲ್ಟ್ ಸಾಕು. ಒಳಗೆ ಸುಟ್ಟಿರೋದು ನೋಡಿದ್ರೇ ಗೊತ್ತಾಗತ್ತೆ, ನೀವು ಹದಿನೆಂಟರ ಅಡಾಪ್ಟರ್ ಚುಚ್ಚಿದ್ದೀರಿ. ಗೊತ್ತಿಲ್ಲದವರು ಗೊತ್ತಿರೋರನ್ನ ಕೇಳ್ಬೇಕು!"

"ಅಡಾಪ್ಟರ್ ಹಳೇದು... ಮೇಲಿನ ಅಕ್ಷರ ಅಳಿಸಿಹೋಗಿದೆ. ತಪ್ಪಾಯ್ತು ಮೇಡಂ."

"ಮನೆಗೆ ಹೋಗಿ ಮೊದಲು ಅದನ್ನ ಎಸೀರಿ!"

ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. ಪೆಡಲನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅವಳು ಜಂಬದಿಂದಲೇ ಮೇಜಿಗೆ ಮರಳಿ, ಮುಂದಿನ ಕೆಲಸಕ್ಕೆಂದು ಬೇಕಾದಷ್ಟು ವೋಲ್ಟ್ ಕೊಟ್ಟು ಪರೀಕ್ಷೆ ಮಾಡುವ ವಿದ್ಯುತ್ ಪೆಟ್ಟಿಗೆಯ ಗುಂಡಿ ಒತ್ತಿದಳು. ಕೆಂಪು ಅಂಕಿಗಳು ಹೊತ್ತಿಕೊಂಡವು.

ಹದಿನೆಂಟು!

ಹೋದ ವಾರ ಬೇರೊಂದು ಯಂತ್ರಕ್ಕೆಂದು ಹದಿನೆಂಟಕ್ಕೆ ಏರಿಸಿದ್ದಳು. ಇಳಿಸಲು ಮರೆತಿದ್ದಳು. ಅಂಕಿ ನೋಡದೆ, ಆ ಪೆಟ್ಟಿಗೆಯ ತಂತಿಗಳನ್ನೇ ಅವನ ಪೆಡಲಿಗೆ ಸಿಕ್ಕಿಸಿ ಪರೀಕ್ಷಿಸಿದ್ದಳು. ಆಗ ಅದು ಹೇಗೋ ತಡೆದುಕೊಂಡಿತ್ತು. ಒಳಗೆ ಬೆಂದ ಬಿಡಿಭಾಗ ವೇದಿಕೆಯ ಮೇಲೆ ಕೈಕೊಟ್ಟಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೆಲಕ್ಕೆ ಛೀಮಾರಿ ಹಾಕಿದ್ದಳು!

'ಓಡಿ ಹೋಗಿ ಕರಿ... ಈಗಲೇ ಹೇಳು...' ಎಂದಿತು ಮನಸ್ಸು.

ಹೇಳುವ ಬದಲು ಅವಳು ಬೇರೇನೋ ಮಾಡಿದಳು. ಸುಟ್ಟದ್ದನ್ನು ಬದಲಾಯಿಸಿದಳು. ಆಮೇಲೆ ಪೆಡಲಿನ ಮುಚ್ಚಳದಲ್ಲಿ ಪುಟ್ಟ ಕಿಟಕಿ ಕೊರೆದು, ಅಂಚನ್ನು ಅರದಿಂದ ಉಜ್ಜಿ, ಹೆಬ್ಬೆರಳ ಉಗುರಿನಷ್ಟು ದೊಡ್ಡ ವೋಲ್ಟ್ ಮೀಟರೊಂದನ್ನು ಕೂರಿಸಿದಳು. ಅಡಾಪ್ಟರ್ ಸೇರುವ ಜಾಗಕ್ಕೇ ಅದರ ತಂತಿಗಳನ್ನು ಬೆಸೆದಳು.

ಮರುದಿನ ಬಂದವನು ಮಗುವಿನಂತೆ ಕಣ್ಣರಳಿಸಿದ. "ಇದೇನಿದು?"

"ಎಷ್ಟು ವೋಲ್ಟ್ ಬರ್ತಿದೆ ಅಂತ ತೋರಿಸತ್ತೆ. ಇನ್ಮೇಲೆ ತಪ್ಪಾಗಲ್ಲ. ದುಡ್ಡು ಬೇಡ."

"ಅಷ್ಟು ಬೈದ್ರೂ ಎಷ್ಟು ಒಳ್ಳೆಯವರು ನೀವು!" ಅವನು ನಕ್ಕ. "ತಂಡದವರು ನನ್ನನ್ನ ಮುಂದಿನ ಕಾರ್ಯಕ್ರಮಗಳಿಂದ ಕೈಬಿಟ್ಟಿದ್ದಾರೆ. ವೈರ್ ಚುಚ್ಚೋಕೂ ಬರಲ್ಲ ಅಂತ ಆಡ್ಕೊಳ್ತಾರೆ. ಅವರದ್ದೇನು ತಪ್ಪು ಬಿಡಿ."

ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ.

ಅವನು ಮತ್ತೆ ಮತ್ತೆ ಬಂದ. ತಂತಿ ಬೇಕು ಎಂದ, ಸ್ಕ್ರೂ ಬೇಕು ಎಂದ. ಒಂದು ದಿನ ಏನೂ ಬೇಡ ಎಂದು ಅರ್ಧ ಗಂಟೆ ಕುಳಿತ.

"ಅವನ ಗಿಟಾರಿಗೆ ಎಷ್ಟು ತಂತಿ ಮಗಳೇ? ವಾರಕ್ಕೆ ಮೂರು ಸಲ ಕೊಂಡ್ಕೊಂಡು ಹೋಗ್ತಾನೆ!" ಎಂದು ಅಪ್ಪ ಕಾಲೆಳೆದರು.

ಅವಳ ಕೆನ್ನೆ ಬಿಸಿಯಾಯಿತು. ಮರುಕ್ಷಣವೇ ಮುಖ ಹುಳ್ಳಗಾಯಿತು. ಅವನ ಪ್ರತಿ ನಗುವೂ ತಾನು ಕದ್ದದ್ದು ಅನ್ನಿಸುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನು ಪೆಡಲಿನ ಜೊತೆ ಹಳೆಯ ಅಡಾಪ್ಟರನ್ನೂ ತಂದು, ಕೌಂಟರಿನಲ್ಲೇ ಚುಚ್ಚಿ ತೋರಿಸಿದ.

"ಎಸೀರಿ ಅಂದಿದ್ರಿ, ಎಸೆದಿರಲಿಲ್ಲ. ಬೈಬೇಡಿ! ನಿನ್ನೆ ಸುಮ್ನೆ ಚುಚ್ಚಿ ನೋಡಿದೆ. ನೋಡಿ, ಒಂಬತ್ತು ಅಂತಿದೆ. ಈ ಮೀಟರ್ ಕೆಟ್ಟಿದೆ ಅನ್ಸತ್ತೆ."

"ಮೀಟರಾ...?"

"ಮತ್ತೆ? ನೀವು ಹದಿನೆಂಟು ಅಂದಿದ್ರಿ. ನೀವು ಹೇಳಿದ್ದು ಸುಳ್ಳಾಗೋಕೆ ಸಾಧ್ಯಾನಾ?"

ಹೌದು, ಕೆಟ್ಟಿದೆ ಎಂದರೆ ಸಾಕಿತ್ತು. ಮೀಟರ್ ಬದಲಿಸಿದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಅವನ ಕಣ್ಣಲ್ಲಿ ಅಷ್ಟು ನಂಬಿಕೆ ಇಲ್ಲದಿದ್ದರೆ ಹಾಗೇ ಹೇಳಿಬಿಡುತ್ತಿದ್ದಳೇನೋ.

"ಮೀಟರ್ ಸರಿಯಾಗಿದೆ," ಎಂದಳು. "ನಿಮ್ಮ ಅಡಾಪ್ಟರೂ ಸರಿಯಾಗಿದೆ. ಹದಿನೆಂಟು ಕೊಟ್ಟಿದ್ದು ನಾನು. ಇದೇ ಮೇಜಿನ ಮೇಲೆ."

ಅವನ ನಗು ಆರಿತು. "ಯಾವಾಗ ಗೊತ್ತಾಯ್ತು?"

"ನೀವು ಬೈಸ್ಕೊಂಡು ಹೋದ ಹತ್ತು ನಿಮಿಷಕ್ಕೆ."

"ಎರಡು ತಿಂಗಳು... ದಿನಾ ನನಗೆ ನಾನೇ ಬೈಕೊಂಡೆ." ಅವನು ಪೆಡಲನ್ನು ಎತ್ತಿಕೊಂಡು ನಡೆದ. ತಿರುಗಿ ನೋಡಲಿಲ್ಲ.

ಅಪ್ಪನಿಗೆ ಎಲ್ಲ ಕೇಳಿಸಿತ್ತು. "ಕೈ ತಪ್ಪೋದು ನನಗೂ ಉಂಟು ಮಗಳೇ. ಆದ್ರೆ ಮುಚ್ಚಿಟ್ಟೆಯಲ್ಲ..." ಎಂದರು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮಧ್ಯಾಹ್ನ ಅವಳು ತಂಡದವರು ಅಭ್ಯಾಸ ಮಾಡುವ ಕೋಣೆಯ ಮೆಟ್ಟಿಲು ಹತ್ತಿದಳು. ಅವನು ಮೂಲೆಯಲ್ಲಿ ಕುಳಿತು ಬೇರೆಯವರ ವೈರುಗಳನ್ನು ಸುತ್ತಿಡುತ್ತಿದ್ದ.

"ಆ ದಿನ ಇವರ ಪೆಡಲ್ ಕೆಟ್ಟಿದ್ದು ನನ್ನಿಂದ," ಎಂದಳು ಎಲ್ಲರಿಗೂ ಕೇಳುವಂತೆ. "ಇವರದ್ದು ಏನೂ ತಪ್ಪಿಲ್ಲ. ನಾನು ಜನರ ಮುಂದೆ ಇವರಿಗೆ ಬೈದೆ. ನಿಜ ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ನಗೋದಿದ್ರೆ ನನ್ನ ನೋಡಿ ನಗಿ."

ಯಾರೂ ನಗಲಿಲ್ಲ. ಡ್ರಮ್ ಬಾರಿಸುವವನು ಕೋಲು ಕೆಳಗಿಟ್ಟು ಅವನ ಕಡೆ ನೋಡಿದ. "ಏನಾಯ್ತು ಅಂತ ನಾವೂ ಸರಿಯಾಗಿ ಕೇಳಲಿಲ್ಲ ನೋಡು ಮಾರಾಯ... ಗಿಟಾರ್ ತಗೋ."

ಅವಳು ಮೆಟ್ಟಿಲು ಇಳಿಯತೊಡಗಿದಳು. ಕಣ್ಣೀರಿಗೆ ಮುಂದಿನದೇ ಕಾಣಿಸಲಿಲ್ಲ. ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು.

"ಒಂದು ನಿಮಿಷ. ಆ ದಿನ ಯಾಕೆ ಹೇಳಲಿಲ್ಲ?"

"ಆ ದಿನ ಹೇಳದೇ ಇದ್ದದ್ದು ಜಂಬಕ್ಕೆ."

"ಆಮೇಲೆ?"

"ಆಮೇಲೆ... ನೀವು ಬರೋದು ನಿಲ್ಲಿಸಿಬಿಡ್ತೀರಿ ಅನ್ನೋ ಭಯಕ್ಕೆ."

ಅವನು ಒಂದು ಮೆಟ್ಟಿಲು ಕೆಳಗಿಳಿದ. "ನನಗಿನ್ನೂ ಕೋಪ ಇದೆ."

"ಇರಲಿ. ಇರಬೇಕಾದ್ದೇ."

"ಎಷ್ಟು ದಿನ ಇರತ್ತೋ ಗೊತ್ತಿಲ್ಲ."

"ಕಾಯ್ತೀನಿ."

"ದೂರದಲ್ಲಿ ಕೂತು ಕಾಯ್ತೀರಾ? ಹಾಗಾದ್ರೆ ನಾನು ಕೋಪ ಮಾಡ್ಕೊಳ್ಳೋದು ಯಾರ ಮೇಲೆ?" ಅವನ ದನಿ ಮೆತ್ತಗಾಗಿತ್ತು. "ಹತ್ತಿರಾನೇ ಇರು."

ಮೊದಲ ಸಲ ಅವನು 'ನೀವು' ಅನ್ನಲಿಲ್ಲ. ಅವಳು ತಲೆ ಎತ್ತಿ ಅವನನ್ನು ನೋಡಿದಳು.

"ಇರ್ತೀನಿ ಕಣೋ..." ಎಂದಳು.